ಸಾಕ್ಷಿಯ ಜಾಗ

ಸಾಕ್ಷಿಗೆ ಮರಿಯನ್ನೇ ಕರೆದುಕೊಂಡು ಹೋದರಾಯಿತು ಎಂದು ಗಂಡ ಹೇಳಿದ್ದು ಬೆಳಿಗ್ಗೆ, ಬಾಯಿ ತುಂಬ ನೊರೆ ಇಟ್ಟುಕೊಂಡು ಹಲ್ಲುಜ್ಜುತ್ತಿರುವಾಗ. ಅವಳಿಗೆ ಸರಿಯಾಗಿ ಕೇಳಿಸಲಿಲ್ಲ, ಅಥವಾ ಕೇಳಿಸಿದ್ದನ್ನು ಒಳಗೆ ಬಿಟ್ಟುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಅವನು ಬಾಯಿ ಮುಕ್ಕಳಿಸಿ, ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಮತ್ತೆ ಬಿಡಿಸಿ ಹೇಳಿದ. ಕಂಪನಿಯ ಕಾಗದಕ್ಕೆ ಸಹಿ ಹಾಕುವವರು ನಾವಿಬ್ಬರು. ನಾವು ಹಾಕಿದ್ದನ್ನು ಕಣ್ಣಾರೆ ಕಂಡೆ ಅನ್ನುವುದಕ್ಕೆ ಇನ್ನೊಬ್ಬರು ಬೇಕು. ಆ ಇನ್ನೊಬ್ಬರಿಗೆ ಕಂಪನಿಯಲ್ಲಿ ಪಾಲು ಇರಬಾರದು, ಲಾಯರು ಒತ್ತಿ ಹೇಳಿದ್ದಾರೆ. ಹೇಗೂ ಜಾಗದ ಒಪ್ಪಿಗೆ ಪತ್ರಕ್ಕೆ ಮರಿ ಬರಲೇಬೇಕು, ಹೋದ ಕಾಲಲ್ಲೇ ಇದೂ ಮುಗಿಯುತ್ತದೆ. ಗಂಡ ಮೂವತ್ತು ವರ್ಷ ಬಸ್ ಡಿಪೋದಲ್ಲಿ ವೇಳೆ ಬರೆದುಕೊಂಡು ಕೂತಿದ್ದ ಮನುಷ್ಯ. ಒಂದು ಕೆಲಸಕ್ಕೆ ಎರಡು ಸಲ ಹೋಗುವುದೆಂದರೆ ಅವನಿಗೆ ಮೈಯೆಲ್ಲ ಉರಿ. ಅವಳು ಹೂಂ ಅಂದಳು.  ಮರಿ ಎಂದರೆ ಅವಳ ಅಕ್ಕನ ಮಗಳು. ಇಪ್ಪತ್ತಾರು ತುಂಬಿದರೂ ಅಕ್ಕ ಕರೆಯುತ್ತಿದ್ದ ಆ ಹೆಸರು ಮೈಗೆ ಅಂಟಿಕೊಂಡೇ ಇತ್ತು. ಅಕ್ಕ ಹೋಗಿ ಎರಡು ವರ್ಷ ಆಗುತ್ತ ಬಂದಿತ್ತು.

ಹಲ್ಲಿನ ಸೆಟ್ಟು ಮಾಡುವ ಲ್ಯಾಬು ಇದ್ದದ್ದು ಎರಡು ಬೀದಿಯಾಚೆ, ಅಕ್ಕನ ಮನೆಯ ಮುಂದಿನ ಕೋಣೆಯಲ್ಲಿ. ಹಿಂದಿನ ಎರಡು ಕೋಣೆಗಳಲ್ಲಿ ಈಗ ಮರಿ ಒಬ್ಬಳೇ ಇರುತ್ತಿದ್ದಳು. ಮನೆಯಿಂದ ನಡೆದು ಬಂದು ಅವಳು ಬಾಗಿಲು ನೂಕಿದಾಗ ಕೆಳಗೆ ಕರೆಂಟ್ ಬಿಲ್ಲು ಬಿದ್ದಿತ್ತು, ಅಕ್ಕನ ಹೆಸರಿಗೆ. ತಿಂಗಳು ತಿಂಗಳೂ ಅದು ಹಾಗೆಯೇ ಬರುತ್ತಿತ್ತು. ಹೆಸರು ಬದಲಾಯಿಸಬೇಕು ಎಂದು ತಿಂಗಳು ತಿಂಗಳೂ ಅವಳು ಅಂದುಕೊಳ್ಳುತ್ತಿದ್ದಳು. ಈ ಸಲ ಲಾಯರೇ ಕೇಳಿದ್ದರು, ಕಂಪನಿಯ ವಿಳಾಸಕ್ಕೆ ಆಧಾರ ಬೇಕು, ಹೊಸ ಬಿಲ್ಲು ತನ್ನಿ ಎಂದು. ಹಳೆಯ ಬಿಲ್ಲನ್ನು ನೋಡಿದವರೇ ಹೆಸರಿನ ಮೇಲೆ ಬೆರಳಿಟ್ಟು, ಇವರು ಬಂದು ಒಪ್ಪಿಗೆ ಕೊಡ್ತಾರಾ ಎಂದು ಕೇಳಿದ್ದರು. ತೀರಿಹೋದರು ಎಂದಾಗ, ಹಾಗಾದರೆ ಅವರ ಮಗಳು ಕೊಡಬೇಕು, ಸತ್ತವರ ಒಪ್ಪಿಗೆಯನ್ನು ಯಾವ ಕಚೇರಿಯೂ ತೆಗೆದುಕೊಳ್ಳುವುದಿಲ್ಲ ಎಂದು ನಕ್ಕಿದ್ದರು. ಅವಳೂ ನಕ್ಕಿದ್ದಳು. ಆ ನಗು ನೆನಪಾಗಿ ಈಗ ಬಿಲ್ಲನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ತುರುಕಿದಳು. ಒಳಗೆ ಮರಿ ಆಗಲೇ ಬಂದು ಕೂತಿದ್ದಳು. ಸ್ಪಿರಿಟ್ ದೀಪದ ಮೇಲೆ ಚಾಕುವಿನ ತುದಿ ಕಾಯಿಸಿ, ಗುಲಾಬಿ ಮೇಣದ ಒಸಡಿನಲ್ಲಿ ಒಂದೊಂದೇ ಹಲ್ಲು ಕೂರಿಸುತ್ತಿದ್ದಳು. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಪ್ಲಾಸ್ಟರಿನ ದವಡೆಗಳು, ಒಂದೊಂದರ ಬೆನ್ನಿನಲ್ಲೂ ಪೆನ್ಸಿಲಿನಲ್ಲಿ ಬರೆದ ಹೆಸರು, ತಾರೀಖು. ಆ ಹೆಸರಿನವರಲ್ಲಿ ಎಷ್ಟೋ ಜನ ಈಗಿಲ್ಲ. ಅವರ ಬಾಯಿ ಮಾತ್ರ ಇಲ್ಲಿ ತೆರೆದುಕೊಂಡು ಕೂತಿದೆ. ಮೊದಲೆಲ್ಲ ಅವಳಿಗೆ ಅದು ಏನೂ ಅನ್ನಿಸುತ್ತಿರಲಿಲ್ಲ. ಮರಿ ತಲೆ ಎತ್ತದೆಯೇ, ಬಂದ್ರಾ ಚಿಕ್ಕಮ್ಮ, ಅಂದಳು. ಹನ್ನೊಂದಕ್ಕೆ ಲಾಯರ ಹತ್ತಿರ ಹೋಗಬೇಕು, ಎರಡು ಸಹಿ ಇದೆ, ನೀನೂ ಬಾ ಎಂದು ಅವಳು ಹೇಳಿದಳು. ಎಂಥ ಸಹಿ ಎಂದು ಮರಿ ಕೇಳಲಿಲ್ಲ. ಕೇಳಿದ್ದರೆ ಎಷ್ಟೋ ಚೆನ್ನಾಗಿತ್ತು. ಆಯ್ತು ಅಂದವಳು, ಕೂರಿಸಿದ ಹಲ್ಲನ್ನು ಉಗುರಿನಿಂದ ಒಂದೇ ಒಂದು ಎಳೆಯಷ್ಟು ಒಳಕ್ಕೆ ವಾಲಿಸಿದಳು.

ಆ ವಾಲಿಸುವುದು ಅಕ್ಕನದು. ಯಾರೂ ಕಲಿಸಿದ್ದಲ್ಲ. ಅಕ್ಕ ಅಚ್ಚಿನಲ್ಲಿ ಎದ್ದ ದವಡೆಯನ್ನು ಬೆಳಕಿಗೆ ಹಿಡಿದು, ಈ ಯಪ್ಪ ಎಡಗಡೆಯಿಂದ ನಗ್ತಾನೆ, ಈ ಹೆಂಗಸು ನಗುವಾಗ ಬಾಯಿಗೆ ಕೈ ಅಡ್ಡ ಹಿಡೀತಾಳೆ ಎಂದು ಹೇಳುತ್ತಿದ್ದಳು. ಆಮೇಲೆ ಅವರು ಬಂದಾಗ ನೋಡಿದರೆ ಹಾಗೇ ಇರುತ್ತಿತ್ತು. ಹಾಗಾಗಿ ಅಕ್ಕ ಒಂದು ಹಲ್ಲನ್ನು ಚೂರು ಹಿಂದಿಡುತ್ತಿದ್ದಳು, ಒಂದರ ಅಂಚನ್ನು ಸವೆಸುತ್ತಿದ್ದಳು. ತಂಗಿಯ ಕೈಯಲ್ಲಿ ಹಲ್ಲುಗಳು ಕವಾಯತಿಗೆ ನಿಂತ ಪೊಲೀಸರ ಹಾಗೆ ಸಾಲು ಹಿಡಿಯುತ್ತಿದ್ದವು. ಒಮ್ಮೆ ಒಬ್ಬ ನಿವೃತ್ತ ಹೆಡ್‌ಮಾಸ್ಟರು ಅವಳು ಮಾಡಿದ ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ವಾಪಸ್ಸು ತಂದು, ತಪ್ಪೇನೂ ಇಲ್ಲಮ್ಮ, ಆದರೆ ಮೊಮ್ಮಗು ನನ್ನ ಹತ್ತಿರ ಬರ್ತಿಲ್ಲ, ಎಂದು ನಾಚಿಕೊಂಡು ಹೇಳಿದ್ದರು. ಅಕ್ಕ ಅದನ್ನು ತೆಗೆದುಕೊಂಡು, ಹತ್ತು ನಿಮಿಷ ಪಾಲಿಶ್ ಮೆಷಿನ್ನಿಗೆ ಹಿಡಿದು ಕೊಟ್ಟಳು. ಅವರು ಕನ್ನಡಿಯಲ್ಲಿ ನೋಡಿಕೊಂಡು, ಈಗ ನಾನು ಬಂದೆ ಅಂದರು. ಅಕ್ಕ ಬೈದಿದ್ದರೆ ಮರೆತುಹೋಗುತ್ತಿತ್ತು. ಅಕ್ಕ ಬೈಯದೆ, ಅವಳ ಕಡೆ ನೋಡದೆ, ಮೆಷಿನ್ನು ನಿಲ್ಲಿಸಿ ಕೈ ತೊಳೆದುಕೊಂಡದ್ದು ಇಪ್ಪತ್ತು ವರ್ಷವಾದರೂ ಎದೆಯಲ್ಲಿ ಮುಳ್ಳಿನ ಹಾಗೆ ಆಡುತ್ತಿತ್ತು.

ಲಾಯರನ್ನು ಮೊದಲ ಸಲ ನೋಡಲು ಹೋದದ್ದು ಎರಡು ತಿಂಗಳ ಹಿಂದೆ. ದೊಡ್ಡ ಆಸ್ಪತ್ರೆಯವರು ತಮ್ಮ ಹಲ್ಲಿನ ಕೆಲಸವನ್ನೆಲ್ಲ ಇವರಿಗೇ ಕೊಡಲು ಒಪ್ಪಿದ್ದರು, ಆದರೆ ರಿಜಿಸ್ಟರ್ ಆದ ಕಂಪನಿಗೆ ಮಾತ್ರ. ಲಾಯರು ಒಂದೊಂದೇ ಕೇಳಿ ಬರೆದುಕೊಂಡರು. ಅಕ್ಕ ಲ್ಯಾಬಿಗೆ ಇಟ್ಟ ಹೆಸರು ಸಿಗಲಿಲ್ಲ, ಯಾರೋ ಆಗಲೇ ಅದೇ ಹೆಸರಿನಲ್ಲಿ ಕಂಪನಿ ಮಾಡಿದ್ದರು. ಬೇರೆ ಎರಡು ಮೂರು ಹೆಸರು ಕೊಡಿ ಅಂದಾಗ ಅವಳ ಹೆಗಲಿನಿಂದ ಏನೋ ಇಳಿದ ಹಾಗಾಗಿತ್ತು. ಉದ್ದೇಶ ಏನು, ವಿಳಾಸ ಎಲ್ಲಿ, ನಿರ್ದೇಶಕರು ಯಾರು ಯಾರು. ಕನಿಷ್ಠ ಇಬ್ಬರು ಬೇಕು, ಹೆಚ್ಚು ಇದ್ದರೂ ಅಡ್ಡಿಯಿಲ್ಲ. ನೀವು, ನಿಮ್ಮ ಯಜಮಾನರು, ಇನ್ನು ಯಾರಾದರೂ?  ಗಂಡ ಅವಳ ಕಡೆ ತಿರುಗಿ, ಮರಿಯ ಹೆಸರು ಹೇಳಲು ಬಾಯಿ ತೆರೆದಿದ್ದ. ಇದನ್ನು ಅವಳು ಎಷ್ಟು ಸಲ ತಿರುವಿ ಹಾಕಿದರೂ ಬದಲಾಗಲಿಲ್ಲ. ಅವನು ಬಾಯಿ ತೆರೆದಿದ್ದ, ತುಟಿ ಮುಚ್ಚಿ ಮ ಅನ್ನುವುದರಲ್ಲಿದ್ದ. ಅವಳೇ ಅವನಿಗಿಂತ ಮುಂಚೆ, ಇಲ್ಲ, ನಾವಿಬ್ರೇ, ಅಂದಳು. ಹೊರಗೆ ಮೆಟ್ಟಿಲಿಳಿಯುವಾಗ ಅವನು ಮೆಲ್ಲಗೆ, ಮರಿ ಯಾಕೆ ಬೇಡ ಎಂದು ಕೇಳಿದ್ದಕ್ಕೆ, ಅವಳು ಇವತ್ತಲ್ಲ ನಾಳೆ ಮದುವೆಯಾಗಿ ಹೋಗುವವಳು, ಆಮೇಲೆ ಅಳಿಯ ಬಂದು ಲೆಕ್ಕಪತ್ರ ಕೇಳಿದರೆ, ಎಂದಿದ್ದಳು. ಎರಡು ದಿನ ಕಳೆಯುವಷ್ಟರಲ್ಲಿ ಅದು ಗಂಡನದೇ ಮಾತಾಗಿಹೋಯಿತು. ಮದುವೆಯಾಗಿ ಹೋಗುವ ಹುಡುಗಿ, ಯಾಕೆ ತೊಡಕು, ಎಂದು ಅವನೇ ಅವಳಿಗೆ ಸಮಾಧಾನ ಹೇಳತೊಡಗಿದ. ಎಷ್ಟು ಸಲೀಸಾಗಿ ಕೈ ಒರೆಸಿಕೊಂಡೆ ಎಂದು ಅವಳಿಗೇ ಅಚ್ಚರಿಯಾಗಿತ್ತು. ಸ್ಥಾಪಕ ನಿರ್ದೇಶಕಿ ಎಂದು ಕರಡಿನಲ್ಲಿ ತನ್ನ ಹೆಸರಿನ ಪಕ್ಕ ನೋಡಿದಾಗ ಆ ಅಚ್ಚರಿಯೂ ಉಳಿದಿರಲಿಲ್ಲ. ಐವತ್ತೊಂದು ವರ್ಷದಲ್ಲಿ ಮೊದಲ ಸಲ ಅವಳು ಒಂದನೇ ನಂಬರಿನವಳಾಗಿದ್ದಳು.

ಹನ್ನೊಂದಕ್ಕೆ ಮೂವರೂ ಲಾಯರ ಕೋಣೆಯ ಮೆಟ್ಟಿಲು ಹತ್ತಿದರು. ಮರಿ ಬಟ್ಟೆ ಬದಲಾಯಿಸಿ ಬಂದಿದ್ದರೂ ಉಗುರಿನ ಸಂದಿಯಲ್ಲಿ ಪ್ಲಾಸ್ಟರಿನ ಬಿಳಿ ಹಾಗೇ ಇತ್ತು. ಲಾಯರು ಖುಷಿಯಲ್ಲಿದ್ದರು, ಮಾತಿನ ಮನುಷ್ಯ. ಕಾಗದ ಬರುವ ತನಕ ಸುಮ್ಮನಿರಲಾರದೆ, ಕಂಪನಿ ಎಂದರೆ ಏನು ಗೊತ್ತೇ ಎಂದು ಶುರುಮಾಡಿದರು. "ನೀವು ಬೇರೆ, ಅದು ಬೇರೆ. ಕಾನೂನಿನ ಕಣ್ಣಿಗೆ ಅದೂ ಒಬ್ಬ ವ್ಯಕ್ತಿನೇ. ಆಸ್ತಿ ಮಾಡುತ್ತೆ, ಕೇಸು ಹಾಕುತ್ತೆ, ಹಾಕಿಸಿಕೊಳ್ಳುತ್ತೆ. ನಾಳೆ ನೀವು ಹೋದ್ರೂ, ನಿಮ್ಮೆಜಮಾನ್ರು ಹೋದ್ರೂ, ಅದು ಇದ್ದೇ ಇರುತ್ತೆ. ಅದಕ್ಕೆ ಸಾವಿಲ್ಲ." ಗಂಡ ತಲೆಯಾಡಿಸಿದ. ಅವಳಿಗೆ ಸಾಯದೆ ಇರುವ, ಮುಖ ಕಾಣದ ಒಂದು ಜೀವ ಆ ಕೋಣೆಯಲ್ಲಿ ಬಂದು ಕೂತ ಹಾಗೆ, ನಾಲ್ಕನೆಯ ಕುರ್ಚಿ ತುಂಬಿದ ಹಾಗೆ ಅನ್ನಿಸಿತು. ಟೈಪಿಸ್ಟ್ ಹೆಂಗಸು ಕಾಗದದ ಕಂತೆ ತಂದಿಟ್ಟಳು. ಮೊದಲು ಒಪ್ಪಿಗೆ ಪತ್ರ: ನನ್ನ ತಾಯಿಯಿಂದ ನನಗೆ ಬಂದ ಮನೆಯ ಮುಂದಿನ ಕೋಣೆಯನ್ನು ಈ ಕಂಪನಿ ತನ್ನ ಕಚೇರಿಯೆಂದು ತೋರಿಸಿಕೊಳ್ಳಲು ನನ್ನ ಅಭ್ಯಂತರವಿಲ್ಲ. ಮರಿ ಅದನ್ನು ಓದಿ ಸಹಿ ಹಾಕಿದಳು. ಆಮೇಲೆ ಕಂಪನಿಯ ಮೂಲ ದಸ್ತಾವೇಜು. ಲಾಯರು ತೋರಿಸಿದ ಕಡೆಯಲ್ಲೆಲ್ಲ ಗಂಡ ಟಿಕೆಟ್ ಹರಿದ ಹಾಗೆ ಸರಸರ ಸಹಿ ಹಾಕಿದ. ಅವಳು ಹಾಕಿದಳು. ಕಂತೆ ಮರಿಯ ಮುಂದೆ ಬಂತು. ಸಾಕ್ಷಿಯ ಜಾಗ ಕೊನೆಯ ಪುಟದಲ್ಲಿತ್ತು. ಟೈಪಿಸ್ಟ್ ಅಲ್ಲಿಗೇ ಪುಟ ಮಗುಚಿ ಕೊಟ್ಟಿದ್ದಳು. ಮರಿ ಅದನ್ನು ಹಿಂದಕ್ಕೆ ಮಗುಚಿ, ಮೊದಲ ಪುಟದಿಂದ ಓದಲು ಶುರುಮಾಡಿದಳು.

 ಲಾಯರು ಗಡಿಯಾರ ನೋಡಿ, ಬರಿ ಸಾಕ್ಷಿಗೆ ಅಷ್ಟೆಲ್ಲ ಓದಬೇಕಾಗಿಲ್ಲಮ್ಮ, ಅಂದರು. ಮರಿ ನಕ್ಕು, ಪರವಾಗಿಲ್ಲ, ಅಂದಳು. ಓದುವಾಗ ಕೆಳತುಟಿಯನ್ನು ಒಳಕ್ಕೆಳೆದುಕೊಂಡಿದ್ದಳು, ದವಡೆಯನ್ನು ಬೆಳಕಿಗೆ ಹಿಡಿದಾಗ ಅಕ್ಕ ಎಳೆದುಕೊಳ್ಳುತ್ತಿದ್ದ ಹಾಗೆಯೇ. ಅದನ್ನು ನೋಡುತ್ತಿದ್ದ ಅವಳಿಗೆ ಅಕ್ಕ ಮಲಗಿದ್ದ ಆಸ್ಪತ್ರೆಯ ಮಂಚ ಕಂಡಿತು. ಅಕ್ಕನ ಕೈ ಹೊದಿಕೆಯ ಮೇಲೆ ಬಿದ್ದಿತ್ತು, ಬೆರಳಿನ ತುದಿಗಳಲ್ಲಿ ಸುಟ್ಟ ಗುರುತು. ಮರಿಯ ಕೈ ನೋಡಿದ್ದೀಯಾ, ಎಂದಿದ್ದಳು ಅಕ್ಕ. ನೋಡಿದ್ದೀನಿ ಅಂದಿದ್ದಳು ಅವಳು. ನೋಡಿದ್ರೆ ಸಾಕು, ಎಂದು ಅಕ್ಕ ಕಣ್ಣು ಮುಚ್ಚಿದಳು. ಅದಾದ ಮೇಲೂ ನಾಲ್ಕು ದಿನ ಇದ್ದಳು. ಹಾಲಿನವಳ ಬಗ್ಗೆ, ಸೋರುವ ನಲ್ಲಿಯ ಬಗ್ಗೆ ಮಾತಾಡಿದಳೇ ಹೊರತು ಇದರ ಸುದ್ದಿ ಎತ್ತಲಿಲ್ಲ. ಹುಡುಗಿಯನ್ನು ನಿನ್ನ ಕೈಗೆ ಹಾಕಿದ್ದೇನೆ ಎಂದಳೇ, ಅಥವಾ ನಿನಗಿಲ್ಲದ್ದು ಅವಳ ಕೈಗಿದೆ, ನೋಡಿಕೋ ಎಂದಳೇ? ಎರಡು ವರ್ಷದಿಂದ ಅವಳು ಆ ಮಾತನ್ನು ಅಗಿದೂ ಅಗಿದೂ, ನುಂಗಲೂ ಆಗದೆ ಉಗಿಯಲೂ ಆಗದೆ ಇದ್ದಳು. ಈಗ ಮರಿ ಮೂರನೆಯ ಪುಟದಲ್ಲಿ ನಿಂತಳು. "ಸರ್, ಇಲ್ಲಿ ಹಲ್ಲಿನ ಸೆಟ್ಟು ಮಾರೋದು ಅಂತ ಮಾತ್ರ ಇದೆ. ತಯಾರಿಸೋದು ಅಂತ ಇಲ್ಲ." ಲಾಯರು ಕನ್ನಡಕ ಏರಿಸಿ ನೋಡಿದರು, ಟೈಪಿಸ್ಟ್ ಹೆಂಗಸಿನ ಕಡೆ ನೋಡಿದರು, ಒಳ್ಳೇ ಸಾಕ್ಷಿನ ಹಿಡ್ಕೊಂಡು ಬಂದಿದ್ದೀರ, ಎಂದು ಗಂಡನಿಗೆ ಹೇಳಿದರು. ಆ ಪುಟ ಮತ್ತೆ ಅಚ್ಚಾಗಿ ಬರುವ ತನಕ ಎಲ್ಲರೂ ಕೂತರು. ಮರಿ ಉಳಿದ ಪುಟಗಳನ್ನೂ ಓದಿದಳು. ಪಾಲುದಾರರ ಪಟ್ಟಿ ಇದ್ದ ಪುಟದಲ್ಲಿ ಅವಳ ಕಣ್ಣು ಮಿಕ್ಕ ಪುಟಗಳಲ್ಲಿ ನಿಂತಷ್ಟೇ ಹೊತ್ತು ನಿಂತಿತು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಆಮೇಲೆ ಸಾಕ್ಷಿಯ ಜಾಗಕ್ಕೆ ಬಂದು, ಪೂರ್ತಿ ಹೆಸರು, ತಾಯಿಯ ಹೆಸರು, ವಿಳಾಸ ಬರೆದಳು. ಕಸುಬು ಎಂಬಲ್ಲಿ ಪೆನ್ನು ಎತ್ತಿ, ಮೊದಲ ಸಲ ಚಿಕ್ಕಮ್ಮನ ಮುಖ ನೋಡಿದಳು.

"ಇಲ್ಲಿ ಏನಂತ ಬರೀಲಿ ಚಿಕ್ಕಮ್ಮ?"

 ಲಾಯರೇ ಕೈ ಬೀಸಿ, ಉದ್ಯೋಗಿ ಅಂತ ಹಾಕಿ, ಸಾಕು, ಅಂದರು. ಮರಿ ಹಾಗೇ ಬರೆದು ಸಹಿ ಹಾಕಿದಳು.

ಕೆಳಗಿಳಿದ ಮೇಲೆ ಗಂಡ ಖುಷಿಯಿಂದ ಎಲ್ಲರಿಗೂ ಹಣ್ಣಿನ ರಸ ಕೊಡಿಸಿದ. ಮರಿ ಎರಡು ಗುಟುಕಿಗೆ ಕುಡಿದು, ಬೆಳಿಗ್ಗೆ ಇಟ್ಟ ಮೇಣಕ್ಕೆ ಬಿಸಿಲು ಬಂದಿರುತ್ತೆ, ಕರಗುತ್ತೆ ಎಂದು ಮುಂದೆ ಹೋದಳು. ಹಿಂದೆ ಉಳಿದವಳಿಗೆ, ಓದಿದ್ದೀಯಲ್ಲ, ಏನಾದರೂ ಕೇಳು ಎಂದು ಕೂಗಬೇಕೆನಿಸಿತು. ಜಗಳವಾಡಿದ್ದರೆ ಉತ್ತರ ಸಿದ್ಧವಾಗಿತ್ತು: ಮದುವೆ, ಅಳಿಯ, ತೊಡಕು. ಮರಿ ಜಗಳವಾಡದೆ ಆ ಉತ್ತರಗಳನ್ನೆಲ್ಲ ಇವಳ ಬಾಯಲ್ಲೇ ಬಿಟ್ಟುಹೋದಳು. ಅವು ಸರಿಯಾಗಿ ಕೂರದ ಸೆಟ್ಟಿನ ಹಾಗೆ ದಿನವಿಡೀ ಒಸಡನ್ನು ಒತ್ತುತ್ತಿದ್ದವು.

ಹನ್ನೆರಡನೆಯ ದಿನ ಕಂಪನಿಯ ಪ್ರಮಾಣಪತ್ರ ಬಂತು. ಗಂಡ ಅದಕ್ಕೆ ಗಾಜು ಹಾಕಿಸಿ, ಪಾಲಿಶ್ ಮೆಷಿನ್ನಿನ ಮೇಲಿನ ಗೋಡೆಗೆ ಮೊಳೆ ಹೊಡೆದ. ಹುಟ್ಟಿದ ತಾರೀಖು, ಹೆಸರು, ನಂಬರು. ಥೇಟ್ ಮಗುವಿನ ಜನನ ಪತ್ರದ ಹಾಗೆಯೇ. ಅವತ್ತಿನಿಂದ ಕೋಣೆಯಲ್ಲಿ ಅವಳಿಗೆ ಒಂಟಿಯಾಗಿ ಕೂರುವುದು ಕಷ್ಟವಾಯಿತು. ಮರಿ ಒಳಗೆ ನೀರಿಗೆ ಹೋದ ಹೊತ್ತಿನಲ್ಲಿ ಹಿಂದುಗಡೆ ಯಾರೋ ಕೂತು ಉಸಿರಾಡುತ್ತಿದ್ದಾರೆ ಅನ್ನಿಸುವುದು. ತಿರುಗಿ ನೋಡಿದರೆ ಅಕ್ಕನ ಸ್ಟೂಲು, ಅದರ ಮೇಲೆ ಬಟ್ಟೆಯ ಕಂತೆ. ಅದು ಅಕ್ಕ ಅಲ್ಲ ಎಂದು ಅವಳಿಗೆ ಗೊತ್ತಿತ್ತು. ಅಕ್ಕನಾಗಿದ್ದರೆ ಒಮ್ಮೆಯಾದರೂ ಕೆಮ್ಮುತ್ತಿದ್ದಳು, ಮೆಷಿನ್ನಿನ ಧೂಳಿಗೆ ಅಕ್ಕನಿಗೆ ಮೊದಲಿಂದಲೂ ಕೆಮ್ಮು. ಇದು ಕೆಮ್ಮದ, ವಯಸ್ಸಾಗದ, ತಾನೇ ಸಹಿ ಹಾಕಿ ಹುಟ್ಟಿಸಿದ ಆ ಇನ್ನೊಬ್ಬ ವ್ಯಕ್ತಿ, ಕಂಪನಿ. ಹಲ್ಲಿಲ್ಲ, ಬಾಯಿಲ್ಲ. ಇಷ್ಟು ಬಾಯಿಗಳ ನಡುವೆ ಬಾಯಿಲ್ಲದೆ ಕೂತಿದೆ. ತಾನು ಸತ್ತ ಮೇಲೂ ಇದು ಹೀಗೇ ಇಲ್ಲಿ ಕೂತು ಮರಿಯ ಬೆನ್ನನ್ನು ನೋಡುತ್ತಿರುತ್ತದೆ ಎಂದು ಹೊಳೆದಾಗ, ಕೈಯಲ್ಲಿದ್ದ ಬಿಸಿ ಚಾಕು ಮೇಣ ದಾಟಿ ಹೆಬ್ಬೆರಳಿಗೆ ತಾಗಿತು. ಮರಿ ಓಡಿಬಂದು ಬೆರಳನ್ನು ನೀರಿನ ಬಟ್ಟಲಲ್ಲಿ ಅದ್ದಿ ಹಿಡಿದುಕೊಂಡಳು. ನೋಡ್ಕೊಂಡು ಚಿಕ್ಕಮ್ಮ, ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ಆಸ್ಪತ್ರೆಯ ಕೆಲಸ ರಾಶಿ ರಾಶಿ ಬರುತ್ತಿತ್ತು. ಮರಿ ಮೊದಲಿಗಿಂತ ಹೆಚ್ಚೇ ದುಡಿಯುತ್ತಿದ್ದಳು. ಬದಲಾದದ್ದು ಒಂದೇ. ಮೊದಲೆಲ್ಲ ಏನಾದರೂ ಹಾಳಾದರೆ ಅವಳೇ ಎಸೆದು, ಬೇಕಾದ್ದನ್ನು ಅವಳೇ ತರಿಸುತ್ತಿದ್ದಳು. ಈಗ ಒಂದು ಬ್ರಷ್ಷು ಸವೆದರೂ ತಂದು ತೋರಿಸಿ, ಇದನ್ನ ಎಸೀಬಹುದಾ, ಎಂದು ಕೇಳುತ್ತಿದ್ದಳು.

ಒಂದು ಮಧ್ಯಾಹ್ನ ಅವಳು ಗಂಡನಿಗೆ ಹೇಳದೆ ಒಬ್ಬಳೇ ಲಾಯರ ಹತ್ತಿರ ಹೋದಳು. ಇನ್ನೊಬ್ಬರನ್ನು ಸೇರಿಸಬಹುದೇ ಎಂದು ಕೇಳಿದಳು. ಅದೇನು ಮಹಾ, ನಿಮ್ಮ ಪಾಲಿನಲ್ಲಿ ಸ್ವಲ್ಪ ಬರೆದುಕೊಟ್ಟರಾಯಿತು, ಇಬ್ಬರೂ ಕೂತು ಒಂದು ನಿರ್ಣಯ ಮಾಡಿ ನಿರ್ದೇಶಕಿಯಾಗಿಯೂ ಸೇರಿಸಿಕೊಳ್ಳಬಹುದು, ವಾರದ ಕೆಲಸ, ಎಂದರು ಅವರು. ಯಾರನ್ನು ಎಂದು ಕೇಳಿ, ಅವಳು ಹೇಳಿದಾಗ, ಓ ಆ ಸಾಕ್ಷಿ ಹುಡುಗಿ, ಎಂದು ನೆನಪು ಮಾಡಿಕೊಂಡರು. "ಅವತ್ತೇ ಹೇಳಿದ್ರೆ ಒಂದು ಗೆರೆ ಹೆಚ್ಚು ಬರೆಯೋ ಕೆಲಸ ಅಷ್ಟೇ ಇತ್ತಲ್ಲಮ್ಮ." ಖಾಲಿ ಫಾರಂಗಳನ್ನು ಕೊಟ್ಟರು. ಅವನ್ನು ಬೀರುವಿನಲ್ಲಿ ಸೀರೆಗಳ ಅಡಿಯಲ್ಲಿ ಇಟ್ಟಳು. ನಾಳೆ ಹೇಳೋಣ, ಆಸ್ಪತ್ರೆಯ ಈ ಕಂತು ಮುಗಿಯಲಿ ಎಂದು ದಿನ ತಳ್ಳಿದಳು. ಹೇಳಬೇಕೆಂದರೆ ಮೊದಲು, ಅವತ್ತು ಇಲ್ಲ ನಾವಿಬ್ಬರೇ ಎಂದವಳು ನಾನು ಎಂಬುದನ್ನು ಹೇಳಬೇಕಾಗಿತ್ತು. ಗಂಡನಿಗೂ ಆ ಗಳಿಗೆ ಈಗ ನೆನಪಿರಲಿಲ್ಲ. ಅದು ಅವಳಿಗೊಬ್ಬಳಿಗೇ ಗೊತ್ತಿದ್ದ ವಿಷಯ.

ಅದಾಗಿ ಎಂಟು ದಿನಕ್ಕೆ, ಸಂಜೆ ಐದರ ಸುಮಾರಿಗೆ, ಮರಿ ಕೈ ತೊಳೆದು, ಏಪ್ರನ್ನು ಬಿಚ್ಚಿ ಕೊಕ್ಕೆಗೆ ಹಾಕಿ, ಅವಳ ಮೇಜಿನ ಮೇಲೆ ಒಂದು ಕಾಗದ ಇಟ್ಟಳು. ಬಿಳಿ ಹಾಳೆ, ಗೆರೆ ಎಳೆದ ಅಂಚು, ದುಂಡಗಿನ ಅಕ್ಷರ. ಮೇಲೆ ಇಂದ ಎಂದು ಮರಿಯ ಪೂರ್ತಿ ಹೆಸರು, ಉದ್ಯೋಗಿ. ಕೆಳಗೆ, ನಿರ್ದೇಶಕರಿಗೆ. ಅದರ ಕೆಳಗೆ ಕಂಪನಿಯ ಹೊಸ ಹೆಸರು. ಮಾನ್ಯರೇ, ನಾಳೆ ನನ್ನ ತಾಯಿ ತೀರಿಕೊಂಡು ಎರಡು ವರ್ಷ ತುಂಬುವುದರಿಂದ ಒಂದು ದಿನದ ರಜೆ ಮಂಜೂರು ಮಾಡಬೇಕಾಗಿ ವಿನಂತಿ. ಅವಳು ಓದಿದಳು. ನಾಳೆ ಎಂಬ ಮಾತನ್ನು ಮತ್ತೆ ಓದಿದಳು. ಗೋಡೆಯ ಕ್ಯಾಲೆಂಡರಿನಲ್ಲಿ ನಾಳೆಯ ತಾರೀಖಿನ ಸುತ್ತ ಅವಳದೇ ಕೆಂಪು ಶಾಯಿಯ ಸುತ್ತು ಇತ್ತು: ಆಸ್ಪತ್ರೆಗೆ ಮಾಲು ಕೊಡುವ ದಿನ.

"ನನಗೆ ಜ್ಞಾಪಕ ಇರಲಿಲ್ಲ ಮರಿ," ಅಂದಳು.

"ಗೊತ್ತಾಯ್ತು ಚಿಕ್ಕಮ್ಮ. ನಾಳೆ ಕೊಡಬೇಕಾದ್ದೆಲ್ಲ ಮುಗಿಸಿಟ್ಟಿದ್ದೀನಿ. ಮೂರನೇ ಹಲಗೆ ಮೇಲಿದೆ."

"ಇದೆಲ್ಲ ಯಾಕೆ? ಬಾಯಲ್ಲಿ ಹೇಳಿದ್ರೆ ಆಗ್ತಿರಲಿಲ್ವಾ?"

 ಮರಿ, ಕಂಪನಿಯ ನಿಯಮದ ಪುಟದಲ್ಲಿ ರಜೆಯನ್ನು ಬರವಣಿಗೆಯಲ್ಲಿ ಕೇಳಬೇಕು ಎಂದು ಇತ್ತು, ಅವತ್ತು ಓದಿದ್ದೆ ಎಂದಳು. ನಿಜವಾಗಿಯೂ ಇತ್ತೇನೋ. ನಿರ್ದೇಶಕಿಯಾದ ಅವಳಂತೂ ಆ ಪುಟ ಓದಿರಲಿಲ್ಲ. ಅವಳ ಬಾಯಿಂದ, ತಯಾರಿ ಇಲ್ಲದೆ, ಮಾತು ಹೊರಬಿತ್ತು. ಫಾರಂ ತಂದಿಟ್ಟಿದ್ದೇನೆ, ನಿನ್ನ ಹೆಸರನ್ನೂ ಸೇರಿಸುತ್ತೇನೆ, ನನ್ನ ಪಾಲಿನಲ್ಲೇ ಬರೆದುಕೊಡುತ್ತೇನೆ ಎಂದಳು. ಲಾಯರು ಕೇಳಿದಾಗ ಇಲ್ಲ ಎಂದವಳು ನಾನೇ, ನಿಮ್ಮ ಚಿಕ್ಕಪ್ಪ ಅಲ್ಲ ಎಂಬುದನ್ನೂ ಹೇಳಿದಳು. ಹೇಳಿದ ಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ. ಮರಿ ಎಲ್ಲವನ್ನೂ ಕೇಳಿಸಿಕೊಂಡಳು. ಕಿಟಕಿಯ ಬೆಳಕು ಅವಳ ಒಂದು ಕೆನ್ನೆಯ ಮೇಲಿತ್ತು.

"ನಂಗೆ ಗೊತ್ತಿತ್ತು ಚಿಕ್ಕಮ್ಮ. ಚಿಕ್ಕಪ್ಪನಿಗೆ ಇಲ್ಲ ಅನ್ನೋಕೆ ಬರಲ್ಲ." ಕಾಗದವನ್ನು ಮುಂದೆ ಸರಿಸಿ ಅಂದಳು, "ಫಾರಂ ವಿಷಯ ಆಮೇಲೆ ನೋಡೋಣ. ಈಗ ಇದಕ್ಕೆ ಸಹಿ ಹಾಕಿ. ಬೆಳಿಗ್ಗೆ ಆರರ ಬಸ್ಸಿಗೆ ಹೋಗಬೇಕು ನಾನು."

ಎಲ್ಲಿಗೆ ಎಂದು ಕೇಳಬೇಕೆನಿಸಿತು. ನಾನೂ ಬರಲಾ ಎಂದು ಕೇಳಬೇಕೆನಿಸಿತು. ಆದರೆ ರಜೆಯ ಅರ್ಜಿಯ ಕೆಳಗೆ ನಿರ್ದೇಶಕರು ಬರೆಯುವುದು ಅದನ್ನಲ್ಲ. ಮಂಜೂರು ಮಾಡಲಾಗಿದೆ ಎಂದು ಬರೆದು ಸಹಿ ಹಾಕಿದಳು. ಮರಿ ಕಾಗದವನ್ನು ತೆಗೆದುಕೊಳ್ಳಲಿಲ್ಲ. ಅದು ಕಂಪನಿಯ ಕಡತಕ್ಕೆ ಎಂದು ಹೇಳಿ, ಬರ್ತೀನಿ ಚಿಕ್ಕಮ್ಮ, ಎಂದು ನಡುಬಾಗಿಲು ದಾಟಿ ಹಿಂದಿನ ಕೋಣೆಗೆ ಹೋದಳು. ಒಳಗೆ ಪಾತ್ರೆಯ ಸದ್ದು, ನಲ್ಲಿಯ ಸದ್ದು ಕೇಳಿಸಿತು. ಹತ್ತೇ ಹೆಜ್ಜೆ ದೂರ. ಅವಳು ಎದ್ದು ಆ ಹತ್ತು ಹೆಜ್ಜೆ ಹಾಕಬಹುದಾಗಿತ್ತು. ಅದರ ಬದಲು ಮೇಜಿನಿಂದ ಇನ್ನೊಂದು ಬಿಳಿ ಹಾಳೆ ತೆಗೆದು, ಅಂಚಿಗೆ ಗೆರೆ ಎಳೆದಳು. ಮೇಲೆ ಇಂದ ಎಂದು ಬರೆದು ತನ್ನ ಹೆಸರು ಬರೆದಳು. ವಿಷಯ: ಅಕ್ಕ ತೀರಿಕೊಂಡ ದಿನವಾದ್ದರಿಂದ ಒಂದು ದಿನದ ರಜೆ ಕೋರಿ. ಅದರ ಮೇಲುಗಡೆ, ಬಿಟ್ಟಿದ್ದ ಜಾಗದಲ್ಲಿ, ಗೆ ಎಂದು ಬರೆದಳು. ಮುಂದೆ ಯಾರ ಹೆಸರು ಬರೆಯಬೇಕೆಂದು ಪೆನ್ನು ಹಿಡಿದು ಕೂತಳು. ಹೊರಗೆ ಬೆಳಕು ಇಳಿಯುತ್ತ ಬಂದು, ಹಲಗೆಯ ಮೇಲಿನ ಬಾಯಿಗಳು ಒಂದೊಂದಾಗಿ ಕಾಣದಾದವು. ಅವಳು ಇನ್ನೂ ಯೋಚಿಸುತ್ತಲೇ ಇದ್ದಳು.